ಸಹ್ಯಾದ್ರಿಯ ಕಾಡಿಲಿಗಳಿಗೊಂದು ಜೀನೋಮ್ ದತ್ತಸಂಚಯ: ಬೋನಿನಿಂದ ಬ್ರೌಸರ್‌ವರೆಗೆ

ಇಲಿಯ ಜೀನೋಮ್ (ಅದರ ಡಿಎನ್‌ಎಯ ಪೂರ್ತಿ ಬರಹ) ಎಂದ ಕೂಡಲೇ ವಿಜ್ಞಾನಿಗಳಿಗೆ ನೆನಪಾಗುವುದು ಪ್ರಯೋಗಾಲಯದ ಎರಡೇ ಪ್ರಾಣಿಗಳು. ಮನೆಯ ಸಣ್ಣಿಲಿ ಮಸ್ ಮಸ್ಕ್ಯುಲಸ್‌ನ ಜೀನೋಮ್ 2002ರಲ್ಲಿ ಪ್ರಕಟವಾಯಿತು, ಕಂದು ಇಲಿಯದು 2004ರಲ್ಲಿ. ಅಲ್ಲಿಂದೀಚೆಗೆ ಆ ಎರಡರ ಮೇಲೆ ನಡೆದ ಕೆಲಸಕ್ಕೆ ಲೆಕ್ಕವಿಲ್ಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕುಮಟಾದ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದುವಿನಲ್ಲಿ ಬಿಲ ತೋಡುವ ಹೆಗ್ಗಣ, ಶಿರಸಿಯ ತೋಟದಲ್ಲಿ ಎಳೆಯ ಕಾಯಿ ಕೊರೆಯುವ ಇಲಿ, ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟದ ತರಗೆಲೆಯಡಿ ಓಡಾಡುವ ಸಣ್ಣಿಲಿ ಇವುಗಳ ಮಾಹಿತಿ ಚದುರಿಹೋಗಿದೆ. ಒಂದಿಷ್ಟು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಭಂಡಾರದಲ್ಲಿ, ಒಂದಿಷ್ಟು ಮಹಾಪ್ರಬಂಧಗಳ ಅನುಬಂಧದಲ್ಲಿ, ಉಳಿದದ್ದು ಯಾರದೋ ಪೆನ್‌ಡ್ರೈವ್‌ನಲ್ಲಿ.

ಇವನ್ನೆಲ್ಲ ಒಂದೆಡೆ ತಂದು, ಯಾರು ಬೇಕಾದರೂ ಬ್ರೌಸರ್‌ನಲ್ಲಿ ತೆರೆದು ಹುಡುಕುವಂತೆ ಮಾಡುವುದು ಹೇಗೆ ಎಂಬುದೇ ಈ ಬರಹ. ಒಂದು ಸಣ್ಣ ತಂಡ, ಒಂದು ಕಾಲೇಜಿನ ಪ್ರಯೋಗಾಲಯ, ಸಾಧಾರಣ ಅನುದಾನ ಇಷ್ಟನ್ನು ಊಹಿಸಿಕೊಂಡು ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇಂಥ ದತ್ತಸಂಚಯಗಳು (ಡೇಟಾಬೇಸ್‌ಗಳು) ಸಾಮಾನ್ಯವಾಗಿ ಹಾಳಾಗುವುದು ತೋಟದ ಬದಿಯಲ್ಲಿ ಕುಳಿತು ಚೀಟಿ ಬರೆಯುವ ಹೊತ್ತಿನಲ್ಲಿ. ಸರ್ವರ್‌ನ ತಪ್ಪನ್ನು ಆಮೇಲೂ ತಿದ್ದಬಹುದು, ಚೀಟಿಯ ತಪ್ಪನ್ನು ತಿದ್ದಲಾಗದು. ಆದ್ದರಿಂದ ಕಂಪ್ಯೂಟರಿನ ಮಾತು ಇಲ್ಲಿ ತಡವಾಗಿ ಬರುತ್ತದೆ.

ಯಾವ ಇಲಿ, ಯಾರಿಗಾಗಿ

ದಂಶಕಗಳ ಗಣ ದೊಡ್ಡದು. ಅಳಿಲು, ಕೆಂದಳಿಲು, ಹಾರುಬೆಕ್ಕು, ಮುಳ್ಳುಹಂದಿ ಎಲ್ಲವೂ ಅದರಲ್ಲೇ ಬರುತ್ತವೆ. ಎಲ್ಲವನ್ನೂ ಸೇರಿಸಿಕೊಳ್ಳುವ ಆಸೆಯನ್ನು ಮೊದಲ ದಿನವೇ ಬಿಡಿ. ಇಲಿ ಕುಟುಂಬವಾದ ಮ್ಯೂರಿಡೇಯೊಂದೇ ಸಾಕಷ್ಟು ಕೆಲಸ ಕೊಡುತ್ತದೆ: ಮಸ್ ಬೂಡುಗಾ, ಮಸ್ ಪ್ಲಾಟಿಥ್ರಿಕ್ಸ್, ರಾಟಸ್ ರಾಟಸ್, ಸಹ್ಯಾದ್ರಿಗೇ ಸೀಮಿತವಾದ ರಾಟಸ್ ಸತಾರೇ, ಗೊಲುಂಡಾ ಎಲಿಯೋಟಿ, ಮರ ಹತ್ತುವ ವಂಡೆಲೂರಿಯಾ ಒಲೆರೇಸಿಯಾ, ಮ್ಯಾಡ್ರೊಮಿಸ್ ಬ್ಲ್ಯಾನ್‌ಫೋರ್ಡಿ, ಎರಡು ಬಗೆಯ ಹೆಗ್ಗಣ, ಬಯಲುಸೀಮೆಗೆ ತಾಗಿದ ಹಳಿಯಾಳ-ಮುಂಡಗೋಡದ ಕಡೆ ಹುಡುಕಬೇಕಾದ ಮಿಲಾರ್ಡಿಯಾ ಮೆಲ್ಟಾಡಾ ಮತ್ತು ತಟೇರಾ ಇಂಡಿಕಾ. ಸೊಂಡಿಲಿ ಬೋನಿಗೆ ಬಿದ್ದೇ ಬೀಳುತ್ತದೆ, ಆದರೆ ಅದು ದಂಶಕವಲ್ಲ, ಕೀಟ ತಿನ್ನುವ ಬೇರೆಯೇ ಗಣದ್ದು. ಅದರ ದಾಖಲೆ ಇಟ್ಟುಕೊಂಡು ಪ್ರಾಣಿಯನ್ನು ಬಿಟ್ಟುಬಿಡಿ.

ಮುಂದಿನ ಪ್ರಶ್ನೆ, ಇದನ್ನು ತೆರೆಯುವವರು ಯಾರು? ಅರಣ್ಯ ಕಾಲೇಜಿನ ವಿದ್ಯಾರ್ಥಿಗೆ ತಾನು ಹಿಡಿದ ಇಲಿಯ ಪ್ರಭೇದ ಗೊತ್ತಾಗಬೇಕು. ಆರೋಗ್ಯ ಇಲಾಖೆಯವರಿಗೆ ಬೇರೆ ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರದ ಜನರಿಗೆ ಇಂದಿಗೂ ಹೊಸ ಸುದ್ದಿಯಲ್ಲ, ಅದರ ವೈರಸ್ ಹೊರುವ ಉಣ್ಣೆಗಳ ಮರಿಗಳು ಬೆಳೆಯುವುದು ಕಾಡಿನ ಸಣ್ಣ ಸಸ್ತನಿಗಳ ರಕ್ತ ಹೀರಿಯೇ. ಯಾವ ಊರಿನಲ್ಲಿ ಯಾವ ಇಲಿ ಎಂಬ ಖಚಿತ ನಕ್ಷೆ ಅವರಿಗೆ ಬೇಕು. ತೋಟಗಾರಿಕೆಯವರಿಗೆ ಬೇಕಾದದ್ದು ಕಾಯಿ ಕೊರೆಯುವ ಇಲಿ ಒಂದೇ ಜಾತಿಯದೋ ಹಲವೋ ಎಂಬ ಉತ್ತರ. ಈ ಮೂರು ಪ್ರಶ್ನೆಗಳನ್ನು ಗೋಡೆಗೆ ಅಂಟಿಸಿ. ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡದ ಕಾಲಂ ಕೋಷ್ಟಕದಲ್ಲಿ ಬೇಡ.

ಮಾದರಿ ಸಂಗ್ರಹಕ್ಕೆ ನಮ್ಮ ಜಿಲ್ಲೆ ಒಳ್ಳೆಯ ಅಡ್ಡಗೆರೆಯೊಂದನ್ನು ತಾನಾಗಿ ಕೊಟ್ಟಿದೆ. ಕುಮಟಾದ ಸಮುದ್ರಮಟ್ಟದಿಂದ ಹೊರಟು ದೇವಿಮನೆ ಘಟ್ಟ ಹತ್ತಿ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಬಂದು, ಅಲ್ಲಿಂದ ಬನವಾಸಿ-ಮುಂಡಗೋಡದ ಕಡೆ ಇಳಿದರೆ ಗಜನಿ, ಗೇರುಗುಡ್ಡೆ, ನಿತ್ಯಹರಿದ್ವರ್ಣ ಕಾಡು, ಅಡಿಕೆ ತೋಟ, ಬೆಟ್ಟ, ಎಲೆ ಉದುರುವ ಕಾಡು, ಬಯಲು ಗದ್ದೆ ಎಲ್ಲವೂ ಒಂದೇ ದಿನದ ಹಾದಿಯಲ್ಲಿ ಸಿಗುತ್ತವೆ.

ಅನುಮತಿ ಪತ್ರಗಳು

1972ರ ವನ್ಯಜೀವಿ ಕಾಯ್ದೆಯಲ್ಲಿ ಇಲಿಗಳು ಬಹುಕಾಲ ಉಪದ್ರವಕಾರಿ ಪ್ರಾಣಿಗಳ ಐದನೆಯ ಅನುಸೂಚಿಯಲ್ಲಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಹಳೆಯ ಪಟ್ಟಿ ನೆನಪಿಟ್ಟುಕೊಂಡು "ಇಲಿಗೇನು ಅನುಮತಿ" ಎನ್ನುವವರ ಮಾತು ಕೇಳಬೇಡಿ. ಕಾಡಿನಲ್ಲಿ ಬೋನು ಇಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಾದರೆ ಪ್ರಕ್ರಿಯೆ ಇನ್ನೂ ಉದ್ದ. ಜೊತೆಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮಾದರಿ ವಿದೇಶಕ್ಕೆ ಹೋಗುವುದಿದ್ದರೆ, ಅಥವಾ ವಿದೇಶಿ ಸಂಸ್ಥೆ ಪಾಲುದಾರನಾಗಿದ್ದರೆ, 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ದಾರಿಯಲ್ಲೇ ಹೋಗಬೇಕು. ಖಾಸಗಿ ತೋಟದಲ್ಲಿ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಅವರ ಹೆಸರು ಮಾತ್ರ ದತ್ತಸಂಚಯಕ್ಕೆ ಎಂದೂ ಹೋಗದಿರಲಿ.

ಅನುಮತಿ ಪತ್ರದ ಸಂಖ್ಯೆಗೆ ಕೋಷ್ಟಕದಲ್ಲಿ ಒಂದು ಕಾಲಂ ಇಡಿ. ಮುಂದೆ ಪತ್ರಿಕೆಯ ಸಂಪಾದಕರು ಕೇಳಿದಾಗ ಕಡತ ತಡಕಾಡುವುದು ತಪ್ಪುತ್ತದೆ.

ಬೋನು, ಬಾಟಲಿ, ಚೀಟಿ

ಸಣ್ಣಿಲಿಗಳಿಗೆ ಮಡಚುವ ಅಲ್ಯೂಮಿನಿಯಂ ಶೆರ್ಮನ್ ಬೋನು ಸರಿ. ದೊಡ್ಡ ಹೆಗ್ಗಣ ಅದರಲ್ಲಿ ಹಿಡಿಸುವುದಿಲ್ಲ, ಅದಕ್ಕೆ ತಂತಿಯ ದೊಡ್ಡ ಬೋನೇ ಬೇಕು. ವಂಡೆಲೂರಿಯಾ ನೆಲಕ್ಕೆ ಇಳಿಯುವುದು ಕಡಿಮೆಯಾದ್ದರಿಂದ ಕೆಲವು ಬೋನುಗಳನ್ನು ಕೊಂಬೆಗೋ ಬಳ್ಳಿಗೋ ಕಟ್ಟಬೇಕು. ಎಲ್ಲ ಬೋನನ್ನೂ ನೆಲದಲ್ಲಿಟ್ಟು "ಮರದಿಲಿ ಇಲ್ಲಿಲ್ಲ" ಎಂದು ಬರೆದ ವರದಿಗಳಿಗೆ ಕೊರತೆಯಿಲ್ಲ. ಆಮಿಷಕ್ಕೆ ಘಟ್ಟದ ಮೇಲೆ ಸುಟ್ಟ ಕೊಬ್ಬರಿ ಚೂರು, ಕರಾವಳಿಯಲ್ಲಿ ಒಣ ಸಿಗಡಿ ಒಳ್ಳೆಯದು. ಬೋನಿನೊಳಗೆ ಒಂದು ಹಿಡಿ ಹತ್ತಿ ಇಡಿ, ಬೆಳಕು ಹರಿಯುತ್ತಲೇ ಹೋಗಿ ನೋಡಿ. ಬೋನಿನಲ್ಲಿ ನೆನೆದ ಸಣ್ಣಿಲಿ ಚಳಿಗೆ ಬೇಗ ಸಾಯುತ್ತದೆ.

ಕಾಲ ಯಾವುದು? ಮಳೆಗಾಲದಲ್ಲಿ ಘಟ್ಟದ ಮೇಲೆ ಕೆಲಸವೇ ಸಾಗದು, ಇಲಿ ಜ್ವರದ ಭಯವೂ ಆಗಲೇ ಹೆಚ್ಚು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಋತು. ಹಾಗಾಗಿ ಅಕ್ಟೋಬರ್-ನವೆಂಬರ್ ನನ್ನ ಆಯ್ಕೆ. ಯಾವ ಕಾಲದಲ್ಲಾದರೂ ಕೈಗವಸು, ಮುಖಗವಸು, ಪೂರ್ತಿ ತೋಳಿನ ಅಂಗಿ, ಉಣ್ಣೆ ನಿವಾರಕ ಎಣ್ಣೆ ಇವುಗಳಲ್ಲಿ ರಾಜಿ ಇಲ್ಲ. ಇಲಿ ಜ್ವರದ ಬ್ಯಾಕ್ಟೀರಿಯಾ ಮೂತ್ರದಲ್ಲಿ ಬರುತ್ತದೆ, ಹೆದರಿದ ಇಲಿ ಮೊದಲು ಮಾಡುವುದೂ ಅದನ್ನೇ.

ಪ್ರತಿ ಪ್ರಾಣಿ ಗಂಡೋ ಹೆಣ್ಣೋ ಎಂದು ಚೀಟಿಯಲ್ಲಿ ಬರೆದು, ತೂಕ, ತಲೆ-ದೇಹದ ಉದ್ದ, ಬಾಲದ ಉದ್ದ, ಹಿಂಗಾಲಿನ ಪಾದ, ಕಿವಿ ಅಳೆದು, ಬೆನ್ನು, ಹೊಟ್ಟೆ, ಪಾದದ ಅಡಿಭಾಗ ಕಾಣುವಂತೆ ಫೋಟೊ ತೆಗೆಯಿರಿ. ಕಿವಿಯ ಅಂಚಿನಿಂದ 2 ಮಿಲಿಮೀಟರ್ ಚೂರು ತೆಗೆದು 95 ಶೇಕಡಾಕ್ಕಿಂತ ಹೆಚ್ಚಿನ ಎಥನಾಲ್‌ಗೆ ಹಾಕಿ, ಮರುದಿನ ಎಥನಾಲ್ ಬದಲಿಸಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೂ ಹಾಕಿ, ಹೊರಗೂ ಅಂಟಿಸಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ ಎಲ್ಲವೂ ನೀಲಿಯಾಗುತ್ತದೆ.

ಬಾರ್‌ಕೋಡ್‌ಗೂ (ಪ್ರಭೇದ ಗುರುತಿಸಲು ನೆರವಾಗುವ ಡಿಎನ್‌ಎಯ ಚಿಕ್ಕ ತುಣುಕು) ಸಣ್ಣ ಓದುಗಳ ಅನುಕ್ರಮಣಕ್ಕೂ (ಡಿಎನ್‌ಎ ಅಕ್ಷರಗಳ ಸಾಲನ್ನು ಸಣ್ಣ ತುಂಡುಗಳಲ್ಲಿ ಓದುವುದು) ಕಿವಿಯ ಚೂರು ಸಾಕು. ಆದರೆ ಒಂದು ಪ್ರಭೇದಕ್ಕೆ ಆಧಾರ ಜೀನೋಮ್ (ಉಳಿದವುಗಳನ್ನು ಹೋಲಿಸಲು ಬಳಸುವ ಮೂಲ ಪ್ರತಿ) ಕಟ್ಟಬೇಕೆಂದರೆ ಉದ್ದನೆಯ, ತುಂಡಾಗದ ಡಿಎನ್‌ಎ ಬೇಕು. ಅದಕ್ಕೆ ಅನುಮತಿ ಪಡೆದು, ನೋವಿಲ್ಲದಂತೆ ಕೊಂದ ಪ್ರಾಣಿಯ ಯಕೃತ್ತು ಮುಂತಾದ ಅಂಗಾಂಶವನ್ನು ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ದ್ರವ ಸಾರಜನಕ ಬೆಂಗಳೂರಿನಿಂದಲೇ ಬರಬೇಕು ಎಂದು ಕೈಚೆಲ್ಲುವ ಮೊದಲು ಪಶುಪಾಲನಾ ಇಲಾಖೆಯವರನ್ನು ವಿಚಾರಿಸಿ. ಹಸುಗಳ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳು ಇರುವುದು ಅದರಲ್ಲೇ. ಅದೇ ಪ್ರಾಣಿಯ ಚರ್ಮ, ತಲೆಬುರುಡೆಯನ್ನು ಸಂಗ್ರಹಾಲಯವೊಂದಕ್ಕೆ ಒಪ್ಪಿಸಿ ನೋಂದಣಿ ಸಂಖ್ಯೆ ಪಡೆಯಿರಿ. ಶಿರಸಿ ಮಾರುಕಟ್ಟೆಯಲ್ಲಿ ಲಾಟ್ ನಂಬರಿಲ್ಲದ ಅಡಿಕೆ ಚೀಲಕ್ಕೆ ಎಷ್ಟು ಬೆಲೆಯೋ, ಬುರುಡೆಯ ಆಧಾರವಿಲ್ಲದ ಅನುಕ್ರಮಕ್ಕೂ ಅಷ್ಟೇ. ಮಾಲು ಒಳ್ಳೆಯದೇ ಇರಬಹುದು, ಯಾರದೆಂದು ಹೇಳುವವರಿಲ್ಲ.

ಕೋಷ್ಟಕದ ಶಿಸ್ತು

ಪ್ರತಿ ಪ್ರಾಣಿಗೆ ಒಂದು ಗುರುತಿನ ಸಂಖ್ಯೆ ಕೊಡಿ: ಯೋಜನೆಯ ಎರಡಕ್ಷರ, ವರ್ಷ, ಸರಣಿ ಸಂಖ್ಯೆ. ಇಷ್ಟೇ. ಪ್ರಭೇದದ ಹೆಸರನ್ನು ಅದರೊಳಗೆ ತುರುಕಬೇಡಿ, ಏಕೆಂದರೆ ಇಲಿಗಳ ಹೆಸರು ನಿಲ್ಲುವುದಿಲ್ಲ. 1837ರಲ್ಲಿ ಗೊಲುಂಡಾ ಮೆಲ್ಟಾಡಾ ಎಂದು ಹೆಸರು ಪಡೆದ ಇಲಿ ಮುಂದೆ ರಾಟಸ್ ಮೆಲ್ಟಾಡಾ ಆಯಿತು, ಈಗ ಮಿಲಾರ್ಡಿಯಾ ಮೆಲ್ಟಾಡಾ. ರಾಟಸ್ ಸತಾರೇ ಬಹುಕಾಲ ರಾಟಸ್ ರಾಟಸ್‌ನ ಉಪಪ್ರಭೇದವಾಗಿ ಕುಳಿತಿತ್ತು, ಡಿಎನ್‌ಎ ನೋಡಿದ ಮೇಲೆ ಬೇರೆ ಪ್ರಭೇದವೆಂದು ಒಪ್ಪಲಾಯಿತು.

ಕಾಲಂಗಳ ಹೆಸರನ್ನು ನೀವೇ ಹುಟ್ಟುಹಾಕಬೇಡಿ. ಜೀವವೈವಿಧ್ಯ ದಾಖಲೆಗಳಿಗೆ ಡಾರ್ವಿನ್ ಕೋರ್ ಎಂಬ ಸಿದ್ಧ ಮಾನಕವಿದೆ. ಅದರಲ್ಲಿ ಹಿಡಿದ ದಿನಾಂಕ, ಹಿಡಿದವರು, ಗುರುತಿಸಿದವರು, ಅಕ್ಷಾಂಶ-ರೇಖಾಂಶ, ಅದರ ಅನಿಶ್ಚಿತತೆ ಎಷ್ಟು ಮೀಟರ್, ಎತ್ತರ, ಆವಾಸ ಎಲ್ಲಕ್ಕೂ ಜಾಗವಿದೆ. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಲಿ. ಆವಾಸದ ಹೆಸರು ಪಟ್ಟಿಯಿಂದ ಆರಿಸುವಂತಿರಲಿ. ಬರೆಯಲು ಬಿಟ್ಟರೆ ಒಬ್ಬರು "ಬೆಟ್ಟ", ಇನ್ನೊಬ್ಬರು "ಸೊಪ್ಪಿನಬೆಟ್ಟ", ಮತ್ತೊಬ್ಬರು "ಕಾಡು" ಎಂದು ಬರೆದು ಒಂದೇ ಜಾಗ ಮೂರಾಗುತ್ತದೆ. ಊರಿನ ಹೆಸರಿಗೂ ಇದೇ ಪಾಡು: ಶಿರಸಿ, ಸಿರ್ಸಿ, ಶಿರ್ಸಿ. ಗ್ರಾಮಕ್ಕೆ ಸರ್ಕಾರದ ಸ್ಥಳೀಯಾಡಳಿತ ನಿರ್ದೇಶಿಕೆಯ ಸಂಕೇತ ಸಂಖ್ಯೆಯನ್ನೇ ಬಳಸಿ, ಹೆಸರನ್ನು ಅದರಿಂದ ತರಿಸಿ.

ಅಕ್ಷಾಂಶ-ರೇಖಾಂಶಕ್ಕೆ ಗಡಿ ಹಾಕಿ. ನಮ್ಮ ಜಿಲ್ಲೆ ಸುಮಾರು 13.9ರಿಂದ 15.6 ಡಿಗ್ರಿ ಉತ್ತರ, 74ರಿಂದ 75.2 ಡಿಗ್ರಿ ಪೂರ್ವದೊಳಗಿದೆ. ಇದರ ಹೊರಗಿನ ಸಂಖ್ಯೆಯನ್ನು ದತ್ತಾಂಶ ತುಂಬುವ ನಮೂನೆಯೇ ತಿರಸ್ಕರಿಸಬೇಕು. ಎರಡೂ ಅದಲುಬದಲಾದರೆ ಶಿರಸಿಯ ಹೆಗ್ಗಣ ನಾರ್ವೆಯಿಂದ ಉತ್ತರಕ್ಕೆ ಹಿಮಸಮುದ್ರದಲ್ಲಿ ಈಜುತ್ತಿರುತ್ತದೆ.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ಅದು ಸೆಪ್ಟ್2 ಎಂಬ ಜೀನಿನ ಹೆಸರನ್ನು ಸೆಪ್ಟೆಂಬರ್ 2 ಎಂಬ ದಿನಾಂಕವಾಗಿಸಿಬಿಡುತ್ತದೆ. ಇದು ಎಷ್ಟು ದೊಡ್ಡ ಕಾಟವಾಯಿತೆಂದರೆ ಮಾನವ ಜೀನ್‌ಗಳ ನಾಮಕರಣ ಸಮಿತಿ 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಿಸಿತು. ಆಗ ಸಾಫ್ಟ್‌ವೇರ್ ಬದಲಾಗಲಿಲ್ಲ, ವಿಜ್ಞಾನವೇ ಬಗ್ಗಿತು! ನೀವು ದತ್ತಾಂಶವನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕಡತವಾಗಿ ಇಡಿ, ಎಲ್ಲ ಕಾಲಂಗಳನ್ನೂ ಪಠ್ಯವೆಂದೇ ಓದಿಸಿ.

ಡಿಎನ್‌ಎಯಿಂದ ಅನುಕ್ರಮಕ್ಕೆ

ಕೆಲಸವನ್ನು ಮೂರು ಪದರದಲ್ಲಿ ಯೋಚಿಸಿ. ಎಲ್ಲ ಪ್ರಾಣಿಗಳಿಗೂ ಮೈಟೊಕಾಂಡ್ರಿಯಾದ (ತನ್ನದೇ ಡಿಎನ್‌ಎ ಇರುವ, ಜೀವಕೋಶದ ಶಕ್ತಿಘಟಕ) ಎರಡು ಬಾರ್‌ಕೋಡ್ ಗುರುತುಗಳು: ಸುಮಾರು 650 ಅಕ್ಷರಗಳ ಸಿಒ1 ತುಣುಕು ಮತ್ತು ಸುಮಾರು 1,140 ಅಕ್ಷರಗಳ ಸೈಟೊಕ್ರೋಮ್ ಬಿ. ಪ್ರತಿ ಪ್ರಭೇದದ ಕೆಲವು ಪ್ರಾಣಿಗಳಿಗೆ ಇಡೀ ಜೀನೋಮಿನ ಸಣ್ಣ ಓದು. ಒಂದೋ ಎರಡೋ ಪ್ರಭೇದಗಳಿಗೆ ಮಾತ್ರ ಹೊಸ ಆಧಾರ ಜೀನೋಮ್. ಹಣ ಮೊದಲ ಪದರದಲ್ಲೇ ಮುಗಿದರೂ ದತ್ತಸಂಚಯ ಉಪಯೋಗಕ್ಕೆ ಬರುತ್ತದೆ. ಮೂರನೆಯದರಿಂದ ಆರಂಭಿಸಿದವರ ಹಣ ಮುಗಿದಾಗ ಕೈಯಲ್ಲಿ ಒಂದೇ ಒಂದು ಇಲಿ ಇರುತ್ತದೆ.

ಮೈಟೊಕಾಂಡ್ರಿಯಾದ ಗುರುತಿನಲ್ಲೊಂದು ಬಲೆ ಇದೆ. ಅದರ ತುಣುಕುಗಳು ವಿಕಾಸದ ಹಾದಿಯಲ್ಲಿ ಕೋಶಕೇಂದ್ರದ ಡಿಎನ್‌ಎ ಒಳಗೂ ನುಸುಳಿ ಕುಳಿತಿವೆ. ಡಿಎನ್‌ಎ ತುಣುಕನ್ನು ಹೆಚ್ಚಿಸುವ ಪಿಸಿಆರ್ ವಿಧಾನ ಕೆಲವೊಮ್ಮೆ ಆ ನಕಲನ್ನೇ ಹೆಚ್ಚಿಸಿಕೊಡುತ್ತದೆ. ಅನುಕ್ರಮವನ್ನು ಕಶೇರುಕಗಳ ಮೈಟೊಕಾಂಡ್ರಿಯಾದ ಸಂಕೇತ ಪಟ್ಟಿಯ ಪ್ರಕಾರ ಪ್ರೊಟೀನ್‌ಗೆ ಅನುವಾದಿಸಿ ನೋಡಿ. ಪ್ರೊಟೀನ್ ಇಲ್ಲಿಗೆ ಮುಗಿಯಿತೆನ್ನುವ ನಿಲುಗಡೆ ಸಂಕೇತ ನಡುವೆ ಬಂದರೆ ನಿಮ್ಮ ಬಳಿ ಇರುವುದು ಆ ನಕಲೇ ಇರಬಹುದು. ಅದನ್ನು ಹೊಸ ಪ್ರಭೇದವೆಂದು ಸಂಭ್ರಮಿಸುವ ಮೊದಲು ಮತ್ತೊಮ್ಮೆ ಮಾಡಿ.

ಇಲಿಯ ಜೀನೋಮ್ ಸುಮಾರು 250ರಿಂದ 280 ಕೋಟಿ ಅಕ್ಷರಗಳದ್ದು. ಪ್ರತಿ ಅಕ್ಷರವನ್ನು ಸರಾಸರಿ ಹತ್ತು ಬಾರಿ ಓದಿದರೆ ಒಂದು ಪ್ರಾಣಿಗೇ 2,500ರಿಂದ 2,800 ಕೋಟಿ ಅಕ್ಷರ. ಓದುಗಳ ಗುಣಮಟ್ಟವನ್ನು ಫಾಸ್ಟ್‌ಕ್ಯುಸಿ ತಂತ್ರಾಂಶದಲ್ಲಿ ನೋಡಿ, ಫಾಸ್ಟ್‌ಪಿಯಿಂದ ತುದಿ ಕತ್ತರಿಸಿ, ಬಿಡಬ್ಲ್ಯುಎ ಬಳಸಿ ಆಧಾರ ಜೀನೋಮಿಗೆ ಜೋಡಿಸಿ, ಸ್ಯಾಮ್‌ಟೂಲ್ಸ್‌ನಿಂದ ವಿಂಗಡಿಸಿ, ಬಿಸಿಎಫ್‌ಟೂಲ್ಸ್ ಅಥವಾ ಜಿಎಟಿಕೆಯಿಂದ ವ್ಯತ್ಯಾಸಗಳನ್ನು ಪಟ್ಟಿ ಮಾಡಿ. ಮಸ್ ಗುಂಪಿಗೆ ಮಸ್ ಮಸ್ಕ್ಯುಲಸ್‌ನ ಆಧಾರ, ರಾಟಸ್ ಮತ್ತು ಅದರ ಹತ್ತಿರದ ಹೆಗ್ಗಣಗಳಿಗೆ ರಾಟಸ್‌ನ ಆಧಾರ ಬಳಸಿ. ಈ ಎರಡು ಕವಲು ಬೇರಾಗಿ ಸುಮಾರು 1.2 ಕೋಟಿ ವರ್ಷಗಳಾದವು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಒಂದರ ಓದನ್ನು ಇನ್ನೊಂದಕ್ಕೆ ಜೋಡಿಸಿದರೆ ವೇಗವಾಗಿ ಬದಲಾದ ಭಾಗಗಳೆಲ್ಲ ಸದ್ದಿಲ್ಲದೆ ಉದುರಿಹೋಗುತ್ತವೆ. ಎಲ್ಲ ಹಂತಗಳನ್ನೂ ಕೆಲಸದ ಸರಣಿಯನ್ನು ತಾನಾಗಿ ನಡೆಸುವ ಸ್ನೇಕ್‌ಮೇಕ್ ಅಥವಾ ನೆಕ್ಸ್ಟ್‌ಫ್ಲೋ ಕಡತವಾಗಿ ಬರೆದು, ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಫಲಿತಾಂಶದ ಜೊತೆಗೇ ಉಳಿಸಿ.

ಹೊಸ ಆಧಾರ ಜೀನೋಮಿಗೆ ಉದ್ದ ಓದುಗಳನ್ನು ಹೈಫಿಆಸಮ್ ತಂತ್ರಾಂಶದಿಂದ ಕಟ್ಟಿ, ಯಾವ ತುಣುಕು ಯಾವುದರ ಹತ್ತಿರವಿದೆ ಎಂದು ಹೇಳುವ ಹೈ-ಸಿ ದತ್ತಾಂಶದಿಂದ ವರ್ಣತಂತುಗಳ ಮಟ್ಟಕ್ಕೆ ಜೋಡಿಸುವುದು ಈಗಿನ ರೂಢಿ. ಎಷ್ಟು ಪೂರ್ಣ ಎಂಬುದನ್ನು ಬುಸ್ಕೊ ತಂತ್ರಾಂಶ ಹೇಳುತ್ತದೆ, ದಂಶಕಗಳೂ ಮೊಲಗಳೂ ಸೇರಿದ ಗ್ಲೈರಿಸ್ ಗುಂಪಿನ ಜೀನ್ ಪಟ್ಟಿಯನ್ನೇ ಅದಕ್ಕೆ ಕೊಡಿ.

ಒಂದು ಪರೀಕ್ಷೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಇಡೀ ಜೀನೋಮಿನ ಓದುಗಳಿಂದ ಸೈಟೊಕ್ರೋಮ್ ಬಿ ಭಾಗವನ್ನು ಹೊರತೆಗೆದು, ಅದೇ ಪ್ರಾಣಿಯಿಂದ ಮೊದಲು ಪಡೆದ ಬಾರ್‌ಕೋಡ್‌ನೊಂದಿಗೆ ಹೋಲಿಸಿ. ಹಾಗೆಯೇ ಎಕ್ಸ್ ವರ್ಣತಂತುವಿನ ಓದಿನ ಪ್ರಮಾಣದಿಂದ ಗಂಡೋ ಹೆಣ್ಣೋ ಎಂದು ತಿಳಿದು ಚೀಟಿಯೊಂದಿಗೆ ತಾಳೆ ನೋಡಿ. ಎರಡರಲ್ಲಿ ಒಂದು ತಪ್ಪಿದರೂ ಎಲ್ಲೋ ಬಾಟಲಿಗಳು ಅದಲುಬದಲಾಗಿರಬಹುದು.

ಎಲ್ಲಿ ಏನನ್ನು ಇಡಬೇಕು

ಕಚ್ಚಾ ಓದುಗಳನ್ನು ನಿಮ್ಮ ಸರ್ವರ್‌ನಲ್ಲಿ ಸಾರ್ವಜನಿಕರಿಗೆ ಇಡುವ ಹುಚ್ಚು ಬೇಡ. ಅವುಗಳಿಗೆ ಅಂತರರಾಷ್ಟ್ರೀಯ ಭಂಡಾರಗಳಿವೆ: ಅಮೆರಿಕ, ಯುರೋಪ್, ಜಪಾನ್‌ನ ಮೂರು ಕೇಂದ್ರಗಳು ತಮ್ಮೊಳಗೆ ದತ್ತಾಂಶ ಹಂಚಿಕೊಳ್ಳುತ್ತವೆ. ಫರೀದಾಬಾದ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರವೂ ನ್ಯೂಕ್ಲಿಯೊಟೈಡ್ ದತ್ತಾಂಶ ಸ್ವೀಕರಿಸುತ್ತದೆ. ಸರ್ಕಾರಿ ಅನುದಾನದ ಯೋಜನೆಯಾದರೆ ಅಲ್ಲಿಂದಲೇ ಆರಂಭಿಸಿ. ನಿಮ್ಮ ದತ್ತಸಂಚಯದಲ್ಲಿ ಅವರು ಕೊಟ್ಟ ದಾಖಲೆ ಸಂಖ್ಯೆ ಮತ್ತು ಕೊಂಡಿ ಇದ್ದರಾಯಿತು.

ಹಾಗಾದರೆ ನಿಮ್ಮಲ್ಲಿ ಉಳಿಯುವುದೇನು? ಪ್ರಾಣಿ, ಅಂಗಾಂಶ ಮಾದರಿ, ಪ್ರಭೇದ, ಗುರುತಿಸುವಿಕೆ, ಅನುಕ್ರಮ ಹೀಗೆ ಐದು ಮುಖ್ಯ ಕೋಷ್ಟಕಗಳು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶ ಮತ್ತು ನಕ್ಷೆಗಾಗಿ ಅದರ ಪೋಸ್ಟ್‌ಜಿಐಎಸ್ ವಿಸ್ತರಣೆ ಧಾರಾಳವಾಗಿ ಸಾಕು. ಗುರುತಿಸುವಿಕೆಯನ್ನು ಪ್ರತ್ಯೇಕ ಕೋಷ್ಟಕವಾಗಿ ಇಡುವುದೇ ಇಡೀ ವಿನ್ಯಾಸದ ಜೀವಾಳ. ಒಂದೇ ಇಲಿಯನ್ನು ಬೋನಿನ ಬಳಿ ಒಬ್ಬರು ರಾಟಸ್ ರಾಟಸ್ ಎಂದಿರುತ್ತಾರೆ, ಬಾರ್‌ಕೋಡ್ ನೋಡಿ ಇನ್ನೊಬ್ಬರು ಸತಾರೇ ಎಂದಿರುತ್ತಾರೆ, ಬುರುಡೆ ನೋಡಿ ಮೂರನೆಯವರು ತಲೆ ಅಲ್ಲಾಡಿಸಿರುತ್ತಾರೆ. ಯಾರು, ಯಾವಾಗ, ಯಾವ ಆಧಾರದ ಮೇಲೆ ಎಂಬುದರ ಸಮೇತ ಮೂರೂ ಅಭಿಪ್ರಾಯ ಉಳಿಯಬೇಕು. ಹಳೆಯದನ್ನು ಅಳಿಸಿ ಹೊಸದನ್ನು ಬರೆದರೆ ವಾದದ ಇತಿಹಾಸವೇ ಮಾಯವಾಗುತ್ತದೆ.

ಜೀನೋಮಿನ ಅಕ್ಷರಗಳನ್ನು ಕೋಷ್ಟಕದೊಳಗೆ ಸುರಿಯಬೇಡಿ. ಫಾಸ್ಟಾ (ಅಕ್ಷರಗಳು), ಜಿಎಫ್‌ಎಫ್3 (ಜೀನ್‌ಗಳ ಸ್ಥಾನ), ವಿಸಿಎಫ್ (ವ್ಯತ್ಯಾಸಗಳು) ಕಡತಗಳನ್ನು ಬಿಜಿಜಿಪ್‌ನಿಂದ ಕುಗ್ಗಿಸಿ, ಫಾಸ್ಟಾಗೆ ಸ್ಯಾಮ್‌ಟೂಲ್ಸ್‌ನಿಂದ, ಉಳಿದವಕ್ಕೆ ಟ್ಯಾಬಿಕ್ಸ್‌ನಿಂದ ಸೂಚಿ ಮಾಡಿ ಹಾಗೆಯೇ ಇಡಿ.

ಜಾಲತಾಣ

ಇಲ್ಲಿ ಹೊಸದಾಗಿ ಬರೆಯಬೇಕಾದದ್ದು ಬಹಳ ಕಡಿಮೆ. ಜೀನೋಮ್ ನೋಡಲು ಜೆಬ್ರೌಸ್ 2 ಇದೆ. ಕಡತದ ಬೇಕಾದ ಭಾಗವನ್ನಷ್ಟೇ ಕಳುಹಿಸಬಲ್ಲ ಯಾವ ಸಾದಾ ವೆಬ್ ಸರ್ವರ್‌ನಲ್ಲೂ ಅದು ನಡೆಯುತ್ತದೆ. ಬಳಕೆದಾರರು ತಮ್ಮ ಅನುಕ್ರಮವನ್ನು ಹಾಕಿ ಹೋಲಿಸಲು ಸೀಕ್ವೆನ್ಸ್‌ಸರ್ವರ್ ಇದೆ, ಅದು ಅನುಕ್ರಮ ಹೋಲಿಸುವ ಬ್ಲಾಸ್ಟ್ ತಂತ್ರಾಂಶಕ್ಕೆ ಒಂದು ಸರಳ ಮುಖ. ಜೀನೋಮ್ ತಾಣ ಕಟ್ಟುವ ಟ್ರೈಪಾಲ್‌ನಂಥ ದೊಡ್ಡ ಚೌಕಟ್ಟುಗಳು ಕಾಯಂ ತಂತ್ರಜ್ಞರಿರುವ ಕೇಂದ್ರಗಳಿಗೆ ಸರಿ. ಪ್ರತಿ ವರ್ಷ ಬದಲಾಗುವ ವಿದ್ಯಾರ್ಥಿಗಳಿಂದ ನಡೆಯುವ ತಂಡಕ್ಕೆ ಅದು ಹೊರೆ.

ಸರ್ವರ್ ಎಲ್ಲಿರಬೇಕು? ಶಿರಸಿ ಅಥವಾ ಕಾರವಾರದ ಕಚೇರಿಯ ಮೂಲೆಯಲ್ಲಂತೂ ಅಲ್ಲ. ಜುಲೈನಲ್ಲಿ ಮರ ಬಿದ್ದು ತಂತಿ ಹರಿದರೆ ದತ್ತಸಂಚಯವೂ ಕತ್ತಲಲ್ಲಿ ಕೂರುತ್ತದೆ. ವಿಶ್ವವಿದ್ಯಾಲಯದ ದತ್ತಾಂಶ ಕೇಂದ್ರವೋ ಬಾಡಿಗೆಯ ಕ್ಲೌಡ್ ಸೇವೆಯೋ ಇರಲಿ.

ಕನ್ನಡದಲ್ಲಿ ಹುಡುಕುವ ವ್ಯವಸ್ಥೆ ಮಾಡಲೇಬೇಕು, ಇಲ್ಲವಾದರೆ ತೋಟದವರು ಇದನ್ನು ತೆರೆಯುವುದೇ ಇಲ್ಲ. ಇದರಲ್ಲಿ ಕಣ್ಣಿಗೆ ಕಾಣದ ತೊಡಕಿದೆ. "ಹೊನ್ನಾವರ" ಎಂಬಲ್ಲಿನ ಒ-ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ದತ್ತಾಂಶ ಸೇರಿಸುವಾಗಲೂ ಹುಡುಕುವಾಗಲೂ ಎಲ್ಲ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ಮಾನಕ ರೂಪಕ್ಕೆ ತನ್ನಿ, ಕಣ್ಣಿಗೆ ಕಾಣದ ಜೋಡಕಗಳನ್ನು ತೆಗೆಯಿರಿ, ಕನ್ನಡ ಅಂಕಿಗಳನ್ನು 1, 2, 3ಕ್ಕೆ ಬದಲಿಸಿ. ಸ್ಥಳೀಯ ಹೆಸರುಗಳಿಗೆ ಪ್ರತ್ಯೇಕ ಕೋಷ್ಟಕವಿರಲಿ, ಒಂದು ಹೆಸರಿಗೆ ಹಲವು ಪ್ರಭೇದಗಳು ತಗುಲಿಕೊಳ್ಳುವಂತಿರಲಿ. "ಹೆಗ್ಗಣ" ಎಂದು ಹುಡುಕಿದವರಿಗೆ ಬ್ಯಾಂಡಿಕೋಟಾ ಇಂಡಿಕಾವೂ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್ ಕೂಡ ಸಿಗಬೇಕು.

ನಕ್ಷೆಯಲ್ಲಿ ಖಚಿತ ಬಿಂದುವನ್ನು ಎಲ್ಲರಿಗೂ ತೋರಿಸಬೇಡಿ. ಖಾಸಗಿ ತೋಟಗಳ ಮತ್ತು ಅಪರೂಪದ ಪ್ರಭೇದಗಳ ಜಾಗವನ್ನು 0.1 ಡಿಗ್ರಿಗೆ, ಅಂದರೆ ಸುಮಾರು 11 ಕಿಲೋಮೀಟರಿಗೆ ಮಸುಕು ಮಾಡಿ. ಹಾಗೆ ಮಾಡಿದ್ದೀರಿ ಎಂಬುದನ್ನು ದಾಖಲೆಯಲ್ಲೇ ಬರೆಯಿರಿ, ಇಲ್ಲದಿದ್ದರೆ ಯಾರೋ ಆ ಬಿಂದುವನ್ನೇ ನಂಬಿ ಎತ್ತರದ ಲೆಕ್ಕ ಹಾಕುತ್ತಾರೆ.

ಬಿಡುಗಡೆ ಮತ್ತು ಆಮೇಲಿನ ಬಾಳು

ತೆರೆಯುವ ಮೊದಲು ಯೋಜನೆಗೆ ಸಂಬಂಧವೇ ಇಲ್ಲದ ಕೆಲವರಿಗೆ ಒಂದು ಅನುಕ್ರಮ ಕೊಟ್ಟು "ಇದು ಯಾವ ಇಲಿ, ಎಲ್ಲಿ ಸಿಕ್ಕಿದೆ" ಎಂದು ಕೇಳಿ, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಅವರು ತಡವರಿಸುವ ಜಾಗಗಳನ್ನು ಬರೆದುಕೊಂಡು ಸರಿಪಡಿಸಿ.

ದತ್ತಸಂಚಯಕ್ಕೆ ಆವೃತ್ತಿ ಸಂಖ್ಯೆ ಇರಲಿ. ವರ್ಷಕ್ಕೊಮ್ಮೆ ಇಡೀ ಕೋಷ್ಟಕಗಳ ಪ್ರತಿಯನ್ನು ಜೆನೊಡೊದಂಥ ಮುಕ್ತ ಭಂಡಾರದಲ್ಲಿಟ್ಟು ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಪಡೆಯಿರಿ, ಮಸುಕು ಮಾಡಿದ ನಿರ್ದೇಶಾಂಕಗಳೊಂದಿಗೆ ಮಾತ್ರ. ಪರವಾನಗಿಯನ್ನು ಸ್ಪಷ್ಟವಾಗಿ ಬರೆಯಿರಿ, ಹೆಸರು ಹೇಳಿ ಬಳಸಬಹುದೆನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಸಾಕು. ತಪ್ಪು ತಿಳಿಸಲು ಪ್ರತಿ ಇಲಿಯ ಪುಟದಲ್ಲೂ ಒಂದು ಗುಂಡಿ ಇರಲಿ. ಅದನ್ನು ಒತ್ತಿದರೆ ಗುರುತಿಸುವಿಕೆಯ ಕೋಷ್ಟಕಕ್ಕೆ ಹೊಸ ಅಭಿಪ್ರಾಯ ಬಾಕಿಯಾಗಿ ಸೇರಬೇಕು, ಹಳೆಯದು ಹಾಗೆಯೇ ಇರಬೇಕು. ಎರಡು ಪ್ರಭೇದಗಳು ಒಂದಾದರೂ ಒಂದು ಎರಡಾದರೂ ಹಳೆಯ ಪುಟದ ವಿಳಾಸ ಸಾಯಬಾರದು, ಹೊಸದಕ್ಕೆ ದಾರಿ ತೋರಿಸಬೇಕು.

ಬ್ಯಾಕಪ್‌ನ ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಇಡೀ ತಾಣವನ್ನು ಹೊಸ ಯಂತ್ರದಲ್ಲಿ ಎಬ್ಬಿಸಿ ನೋಡಿ. ಡೊಮೈನ್ ಹೆಸರು ಯಾವುದೇ ವ್ಯಕ್ತಿಯ ಹೆಸರಿನಲ್ಲಿ ಬೇಡ, ಸಂಸ್ಥೆಯ ಹೆಸರಿನಲ್ಲಿರಲಿ. ನವೀಕರಣದ ಮಿಂಚಂಚೆ ಕಡಿಮೆ ಎಂದರೆ ಇಬ್ಬರಿಗೆ ಹೋಗಲಿ, ಅವರಲ್ಲೊಬ್ಬರಾದರೂ ಸಂಸ್ಥೆಯ ಕಾಯಂ ನೌಕರರಾಗಿರಲಿ.